ಊರಿನ ಸುದ್ದಿಗೆ ಊರವರ ಚಂದಾ

ನಮ್ಮ ನಾಡಿನ ಯಾವ ಪಟ್ಟಣದಲ್ಲಾದರೂ ಸಂಜೆಯ ಹೊತ್ತು ಅಂಗಡಿಬೀದಿಯಲ್ಲಿ ನಿಂತು, ದೆಹಲಿಯ ಲೋಕಸಭೆಯಲ್ಲಿ ಇಂದು ಯಾರು ಯಾರನ್ನು ಏನೆಂದು ಜರೆದರೆಂದು ಕೇಳಿದರೆ ಉತ್ತರ ಕೊಡಬಲ್ಲವರು ಹಲವರು ಸಿಕ್ಕುವರು. ಅದೇ ಪಟ್ಟಣದ ನಗರಸಭೆಯು ಕಳೆದ ತಿಂಗಳ ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರಿನ ಬಾಬಿಗೆ ಎಷ್ಟು ಹಣ ಮಂಜೂರು ಮಾಡಿತು, ಆ ಹಣ ಯಾವ ವಾರ್ಡಿಗೆ ಹೋಯಿತು, ಯಾವ ಸದಸ್ಯರು ಅದನ್ನು ಆಕ್ಷೇಪಿಸಿದರು ಎಂದು ಕೇಳಿದರೆ, ಆ ನೀರನ್ನೇ ಕುಡಿಯುವ, ಅದಕ್ಕೆ ಕಂದಾಯವನ್ನೂ ತೆರುವ ಪೌರರು ಒಬ್ಬರ ಮುಖವನ್ನೊಬ್ಬರು ನೋಡುವರು. ಇದಕ್ಕೆಲ್ಲ ಪೌರರ ಔದಾಸೀನ್ಯವೇ ಕಾರಣವೆಂದು ಹೇಳಿಬಿಡುವುದು ನ್ಯಾಯವಲ್ಲ. ತಿಳಿಸತಕ್ಕ ಸಾಧನವು ಊರಿನಲ್ಲಿ ಇಲ್ಲದಾಗಿದೆ, ಅಥವಾ ಇದ್ದರೂ ತಿಳಿಸಲಾರದ ಸ್ಥಿತಿಗೆ ಬಂದಿದೆ. ರಾಜ್ಯಮಟ್ಟದ ಪತ್ರಿಕೆಗಳು ಜಿಲ್ಲೆಯ ಸುದ್ದಿಗೆ ಕೊಡುವ ಒಂದೆರಡು ಪುಟಗಳಲ್ಲಿ ಎಲ್ಲ ತಾಲ್ಲೂಕುಗಳೂ ಸ್ಥಳಕ್ಕಾಗಿ ಕಾದಿರಬೇಕು. ದೂರದರ್ಶನದ ವಾಹಿನಿಗಳು ಊರಿಗೆ ಬರುವುದು ಅಪಘಾತವೋ ಗಲಭೆಯೋ ಆದಾಗ. ಈ ಕೊರತೆಯನ್ನು ತುಂಬುವುದಕ್ಕೆ ಇಂದು ಒಂದು ಮಾರ್ಗ ತೆರೆದಿದೆ. ಒಂದು ಊರನ್ನೇ ತನ್ನ ಕ್ಷೇತ್ರವನ್ನಾಗಿ ಮಾಡಿಕೊಂಡು, ಮುದ್ರಣಾಲಯದ ಹಂಗಿಲ್ಲದೆ, ಇ-ಮೇಲಿನ ಮೂಲಕ ನೇರವಾಗಿ ಓದುಗನ ಕೈ ಸೇರುವ ಸ್ವತಂತ್ರ ನ್ಯೂಸ್‌ಲೆಟರ್, ಎಂದರೆ ಸುದ್ದಿಪತ್ರ. ಅದು ನಿಲ್ಲುವುದೂ ಬೆಳೆಯುವುದೂ ಊರಿನವರು ತಮ್ಮ ಕೈಯಿಂದ ಕೊಡುವ ಚಿಕ್ಕ ಚಂದಾಹಣದ ಮೇಲೆಯೇ ಆಗಬೇಕು, ಬೇರೆ ಯಾವ ಆಶ್ರಯದ ಮೇಲೂ ಆಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊರಿನ ಸುದ್ದಿಯನ್ನು ಹೇಳುವುದು ಸಣ್ಣ ಕೆಲಸವೆಂದು ಭಾವಿಸುವವರು ಕನ್ನಡ ಪತ್ರಿಕೋದ್ಯಮದ ಜನ್ಮವೃತ್ತಾಂತವನ್ನು ನೆನೆಯಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದ ಪಾಕ್ಷಿಕ ಪತ್ರಿಕೆಗೆ ‘ಮಂಗಳೂರ ಸಮಾಚಾರ’ವೆಂದು ಹೆಸರಿಟ್ಟನು. ಹೆಸರಿನಲ್ಲಿಯೇ ಊರಿದೆ. ಲೋಕದ ವರ್ತಮಾನವೂ ಅದರಲ್ಲಿ ಇರದೆ ಹೋಗಲಿಲ್ಲ. ಆದರೆ ಊರಿನ ವರ್ತಮಾನಕ್ಕೆ ಮೊದಲಿನ ಮರ್ಯಾದೆ ಸಲ್ಲುತ್ತಿದ್ದಿತು. ನಾವು ಪ್ರತಿವರ್ಷ ಪತ್ರಿಕಾ ದಿನವೆಂದು ಆಚರಿಸುವ ಆ ಜುಲೈ 1 ಒಂದು ಊರಿನ ಪತ್ರಿಕೆ ಹುಟ್ಟಿದ ದಿನವೆಂಬುದನ್ನು ನಮ್ಮ ಸಭೆಗಳಲ್ಲಿ ಯಾರೂ ವಿಶೇಷವಾಗಿ ಎತ್ತಿ ಹೇಳಿದಂತೆ ಕಾಣೆ. ಆ ಪರಂಪರೆ ಸಂಪೂರ್ಣವಾಗಿ ಅಳಿದಿಲ್ಲ. ಮೈಸೂರಿನ ‘ಆಂದೋಲನ’, ‘ಮೈಸೂರು ಮಿತ್ರ’, ದಾವಣಗೆರೆಯ ‘ಜನತಾವಾಣಿ’ ಮೊದಲಾದ ಪತ್ರಿಕೆಗಳು ತಮ್ಮ ಊರಿನ ಜೀವನದೊಡನೆ ಹೆಣೆದುಕೊಂಡೇ ಬಾಳಿವೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ‘ಸುದ್ದಿ ಬಿಡುಗಡೆ’ಯಂತಹವು ತಾಲ್ಲೂಕನ್ನೇ ತಮ್ಮ ಜಗತ್ತೆಂದು ಬಗೆದು ನಡೆದುಬಂದಿವೆ. ಆದರೆ ಇಂತಹ ಭಾಗ್ಯವಿಲ್ಲದ ಊರುಗಳೇ ನಾಡಿನಲ್ಲಿ ಹೆಚ್ಚು.

ಊರಿನ ಪತ್ರಿಕೆ ಇಲ್ಲದೆಹೋದರೆ ಆಗುವ ನಷ್ಟ ಎಂಥದು? ಅಮೆರಿಕದಲ್ಲಿ 2005ರಿಂದೀಚೆಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಅವುಗಳಲ್ಲಿ ಬಹುಪಾಲು ಸಣ್ಣ ಊರುಗಳ ವಾರಪತ್ರಿಕೆಗಳು. ಹಣಕಾಸು ಶಾಸ್ತ್ರದ ಮೂವರು ವಿದ್ವಾಂಸರು ಅಲ್ಲಿಯ ಸ್ಥಳೀಯ ಸರ್ಕಾರಗಳ ಸಾಲಪತ್ರಗಳನ್ನು ಪರಿಶೀಲಿಸಿ ಒಂದು ಸಂಗತಿಯನ್ನು ಹೊರಗೆಡಹಿದರು. ಪತ್ರಿಕೆ ಮುಚ್ಚಿದ ಬಳಿಕ ಆ ಸೀಮೆಯ ಪೌರಾಡಳಿತವು ಸಾಲಕ್ಕೆ ತೆರಬೇಕಾದ ಬಡ್ಡಿಯ ದರ ಕಾಲಕ್ರಮದಲ್ಲಿ ಶೇಕಡಾ 0.05ರಿಂದ 0.11ರಷ್ಟು ಏರುತ್ತದೆ. ಕಾವಲಿಲ್ಲದ ಕಡೆ ಖರ್ಚಿನಲ್ಲಿ ಹಿಡಿತ ತಪ್ಪುವುದೆಂದು ಸಾಲ ಕೊಡುವವನು ಬಲ್ಲ; ಆ ಅಪನಂಬಿಕೆಯ ಬೆಲೆಯನ್ನು ಅವನು ಬಡ್ಡಿಗೆ ಸೇರಿಸುತ್ತಾನೆ. ಶೇಕಡಾ 0.1 ಎಂದರೆ ಅತ್ಯಲ್ಪವೆಂದು ತೋರಬಹುದು. ಆದರೆ ನೂರು ಕೋಟಿ ರೂಪಾಯಿಯ ಸಾಲದ ಮೇಲೆ ಅದು ವರ್ಷಕ್ಕೆ ಹತ್ತು ಲಕ್ಷವಾಗುತ್ತದೆ. ಚಿಕ್ಕ ಸುದ್ದಿಪತ್ರವೊಂದರ ಇಡೀ ವರ್ಷದ ವೆಚ್ಚ ಅದಕ್ಕಿಂತ ಹೆಚ್ಚಲ್ಲ.

ಇಂತಹ ಪತ್ರವನ್ನು ಕಟ್ಟಿ ನಿಲ್ಲಿಸಬಹುದೇ ಎಂಬುದಕ್ಕೆ ನಮ್ಮ ಕಾಲದಲ್ಲಿಯೇ ನಿದರ್ಶನವಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪತ್ರಿಕೆಗಳ ಇತಿಹಾಸದಲ್ಲಿ ಹೆಸರುವಾಸಿಯಾದ ನಗರ. ಅಲ್ಲಿ 1821ರಲ್ಲಿ ಹುಟ್ಟಿದ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯು ಲೋಕಪ್ರಸಿದ್ಧವಾಗಿ ಬೆಳೆದು, 1959ರಲ್ಲಿ ತನ್ನ ಹೆಸರಿನಿಂದ ಮ್ಯಾಂಚೆಸ್ಟರನ್ನು ಕೈಬಿಟ್ಟಿತು. 1964ರಲ್ಲಿ ಸಂಪಾದಕರ ಪೀಠವೂ ಲಂಡನ್ನಿಗೆ ಹೋಯಿತು. ಅದರಿಂದ ಇಂಗ್ಲೆಂಡಿಗೆ ದೊಡ್ಡದೊಂದು ರಾಷ್ಟ್ರೀಯ ಪತ್ರಿಕೆ ಲಭಿಸಿತು. ಆದರೆ ಬೆಳವಣಿಗೆಯೆಂದರೆ ಊರನ್ನು ಬಿಟ್ಟುಹೋಗುವುದೆಂಬ ಭಾವನೆಯೂ ಪತ್ರಿಕೋದ್ಯಮದಲ್ಲಿ ಆಗಲೇ ಬೇರೂರಿತ್ತೆಂದು ಅದರಿಂದ ತಿಳಿಯುತ್ತದೆ. ಅದೇ ನಗರದಲ್ಲಿ 2020ರ ಜೂನ್ ತಿಂಗಳಲ್ಲಿ, ಮಹಾಮಾರಿಯ ನಡುವೆ, ಜೋಶಿ ಹರ್ಮನ್ ಎಂಬ ಪತ್ರಕರ್ತರು ‘ದ ಮಿಲ್’ ಎಂಬ ಸುದ್ದಿಪತ್ರವನ್ನು ಏಕಾಂಗಿಯಾಗಿ ಆರಂಭಿಸಿದರು. ಮುದ್ರಣವಿಲ್ಲ, ಕಚೇರಿಯಿಲ್ಲ, ಓದುಗರಿಗೆ ಇ-ಮೇಲಿನಲ್ಲಿ ಹೋಗುವ ಒಂದು ಪತ್ರ, ಅಷ್ಟೇ. ಕೆಲವು ಸಂಚಿಕೆಗಳು ಎಲ್ಲರಿಗೂ ಉಚಿತ. ಉಳಿದವು ಆರಂಭದಲ್ಲಿ ತಿಂಗಳಿಗೆ 7 ಪೌಂಡು ಕೊಟ್ಟವರಿಗೆ ಸಲ್ಲುತ್ತಿದ್ದವು. ಬೆದರಿಸುವ ತಲೆಬರಹ, ಇಣುಕಿ ನೋಡುವ ಚಿತ್ರ, ಗಂಟೆಗೊಂದು ತುಣುಕು ಸುದ್ದಿ ಇವೊಂದನ್ನೂ ಅದು ಬಳಸಲಿಲ್ಲ. ಒಂದು ವಿಷಯವನ್ನು ಹಿಡಿದು, ಆ ಬೀದಿಗೆ ಹೋಗಿ, ಅಲ್ಲಿಯವರನ್ನು ಕಂಡು, ಕಡತಗಳನ್ನು ಓದಿ, ನಿಧಾನವಾಗಿ ಬರೆದ ದೀರ್ಘ ವರದಿಗಳೇ ಅದರ ಬಂಡವಾಳವಾದವು.

ಆ ಪತ್ರವು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಒಂದು ವರದಿಯನ್ನು ಇಲ್ಲಿ ಹೇಳಬೇಕು. ಆ ಪ್ರದೇಶದ ಮೇಯರರಿಗೆ ರಾತ್ರಿವೇಳೆಯ ವ್ಯಾಪಾರ ವ್ಯವಹಾರಗಳ ವಿಷಯದಲ್ಲಿ ಸಲಹೆಗಾರರಾಗಿದ್ದ ಪ್ರಭಾವಶಾಲಿಯೊಬ್ಬರ ಕಂಪನಿಯು, ಕೋವಿಡ್ ಕಾಲದಲ್ಲಿ ಸಂಸ್ಕೃತಿ ರಕ್ಷಣೆಗೆಂದು ಸರ್ಕಾರ ತೆಗೆದಿರಿಸಿದ್ದ ನಿಧಿಯಿಂದ ಸುಮಾರು 4 ಲಕ್ಷ ಪೌಂಡುಗಳನ್ನು ಪಡೆದಿದ್ದಿತು. ಅದಕ್ಕಾಗಿ ಸಲ್ಲಿಸಿದ ಅರ್ಜಿಯಲ್ಲಿನ ವಿವರಗಳನ್ನು ವರದಿಗಾರನು ಒಂದೊಂದಾಗಿ ಪ್ರಶ್ನಿಸಿದನು. ಕೋರ್ಟಿಗೆ ಎಳೆಯುವೆವೆಂಬ ಬೆದರಿಕೆ ಬಂದಿತು. ಪತ್ರವು ವರದಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಮತ್ತಷ್ಟು ಸಂಗತಿಗಳನ್ನು ಪ್ರಕಟಿಸಿತು. 2025ರ ಜನವರಿಯಲ್ಲಿ, ಆ ನಿಧಿಯನ್ನು ಹಂಚಿದ್ದ ಆರ್ಟ್ಸ್ ಕೌನ್ಸಿಲ್ ಸಂಸ್ಥೆಯು ಆ ಹಣವನ್ನು ಹಿಂದಿರುಗಿಸಬೇಕೆಂದು ಕೇಳಿತು, ಸಲಹೆಗಾರರು ಹುದ್ದೆಯನ್ನು ಬಿಟ್ಟರು. ಬೆರಳೆಣಿಕೆಯ ಸಿಬ್ಬಂದಿಯ ಒಂದು ಚಿಕ್ಕ ಪತ್ರಕ್ಕೆ ಆ ಧೈರ್ಯ ಎಲ್ಲಿಂದ ಬಂತೆಂದು ವಿಚಾರಿಸಿದರೆ, ಆ ಪ್ರಭಾವಶಾಲಿಯ ಜಾಹೀರಾತಿನಿಂದಾಗಲಿ ಆತನ ಮಿತ್ರರ ಜಾಹೀರಾತಿನಿಂದಾಗಲಿ ಅದು ಬದುಕುತ್ತಿರಲಿಲ್ಲವೆಂಬುದೇ ಉತ್ತರ. ಶೆಫೀಲ್ಡ್, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಂ, ಗ್ಲಾಸ್ಗೋ ನಗರಗಳಲ್ಲಿಯೂ ಅದರ ಸೋದರಪತ್ರಗಳು ಹುಟ್ಟಿಕೊಂಡಿವೆ. ಒಂದೇ ಪತ್ರವನ್ನು ಐದು ನಗರಗಳಿಗೆ ಹಿಗ್ಗಿಸದೆ, ಒಂದೊಂದು ನಗರಕ್ಕೂ ಅದರದೇ ಹೆಸರಿನ, ಅಲ್ಲಿಯದೇ ಬರಹಗಾರರ ಪತ್ರವನ್ನು ಅವರು ಕಟ್ಟಿದರು. ಬೆಳೆಯುವುದಕ್ಕೆ ಇದೇ ಸರಿಯಾದ ಕ್ರಮವೆಂದು ನಾನು ಎಣಿಸುತ್ತೇನೆ.

ಮ್ಯಾಂಚೆಸ್ಟರಿನ ಲೆಕ್ಕ ನಮಗೆ ಹೊಂದಲಾರದೆಂದು ಕೆಲವರು ಹೇಳುವರು. ಹಾಗಾದರೆ ನಮ್ಮದೇ ಲೆಕ್ಕವನ್ನು ಹಾಕೋಣ. ಲಕ್ಷ ಜನಸಂಖ್ಯೆಯ ಪಟ್ಟಣದಲ್ಲಿ ಮನೆಗೆ ನಾಲ್ವರಂತೆ ಎಣಿಸಿದರೆ 25,000 ಕುಟುಂಬಗಳಿರುತ್ತವೆ. ಅವುಗಳಲ್ಲಿ ಇಪ್ಪತ್ತೈದಕ್ಕೆ ಒಂದು ಕುಟುಂಬ ತಿಂಗಳಿಗೆ 60 ರೂಪಾಯಿ ಚಂದಾ ಕೊಟ್ಟರೆ, ಸಾವಿರ ಚಂದಾದಾರರಿಂದ ತಿಂಗಳಿಗೆ 60,000 ರೂಪಾಯಿ, ವರ್ಷಕ್ಕೆ 7,20,000 ರೂಪಾಯಿ ಕೂಡುತ್ತದೆ. ಕಾಗದವಿಲ್ಲ, ಮುದ್ರಣವಿಲ್ಲ, ಏಜೆಂಟರ ಕಮಿಷನ್ ಇಲ್ಲ, ಮಾರಾಟವಾಗದೆ ಹಿಂದಿರುಗುವ ಪ್ರತಿಗಳ ನಷ್ಟವಿಲ್ಲ. ಸಂಪಾದಕನೊಬ್ಬನೂ ವರದಿಗಾರನೊಬ್ಬನೂ ಸಾಧಾರಣವಾಗಿ ಜೀವನ ಸಾಗಿಸಿಕೊಂಡು ವಾರಕ್ಕೆ ಎರಡು ಸಂಚಿಕೆಗಳನ್ನು ಹೊರಡಿಸುವುದಕ್ಕೆ ಈ ಹಣ ಸಾಕು. ಹಿಂದಿನ ಕಾಲದ ಸಂಪಾದಕರಿಗೆ ಬರಹಕ್ಕಿಂತ ಚಂದಾ ವಸೂಲಿಯೇ ದೊಡ್ಡ ಸಂಕಟವಾಗಿದ್ದಿತು. ಮನಿಯಾರ್ಡರಿಗೆ ಕಾಯಬೇಕು, ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ. ಅಂಚೆಯನ್ನು ಕಳುಹಿಸಬೇಕು, ಅದು ಸ್ವೀಕೃತವಾಗದೆ ಹಿಂದಿರುಗಿದರೆ ಅಂಚೆಯ ಖರ್ಚನ್ನೂ ಹೊರಬೇಕು. ಎಷ್ಟೋ ಒಳ್ಳೆಯ ಕನ್ನಡ ಪತ್ರಿಕೆಗಳು ಓದುಗರ ಕೊರತೆಯಿಂದಲ್ಲ, ಓದಿಯೂ ಹಣ ಕಳುಹಿಸದ ಓದುಗರಿಂದ ನಿಂತುಹೋದವು. ಇಂದು ತರಕಾರಿ ಮಾರುವ ಅಜ್ಜಿಯ ತಕ್ಕಡಿಯ ಪಕ್ಕದಲ್ಲಿಯೂ ಕ್ಯೂಆರ್ ಕೋಡಿನ ಹಲಗೆ ಇದೆ. 60 ರೂಪಾಯಿಯನ್ನು ಯುಪಿಐ ಮೂಲಕ ಕಳುಹಿಸಲು ಓದುಗನಿಗೆ ಅರ್ಧ ನಿಮಿಷ ಸಾಕು, ವೆಚ್ಚ ಏನೂ ಇಲ್ಲ. ಸಣ್ಣ ಮೊತ್ತವನ್ನು ಬಹುಜನರಿಂದ ಸಂಗ್ರಹಿಸುವ ಇಂತಹ ಸೌಲಭ್ಯ ನಮ್ಮ ಪತ್ರಿಕೋದ್ಯಮದ ಇತಿಹಾಸದಲ್ಲಿ ಹಿಂದೆಂದೂ ಇರಲಿಲ್ಲ.

ಜಾಹೀರಾತಿನ ವಿಷಯದಲ್ಲಿ ನಾನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಮ್ಮ ಜಿಲ್ಲಾ ಕೇಂದ್ರಗಳ ಎಷ್ಟೋ ಸಣ್ಣ ಪತ್ರಿಕೆಗಳ ಸಂಚಿಕೆಯನ್ನು ಬಿಡಿಸಿ ನೋಡಿದರೆ, ಮುಖಪುಟದ ಅರ್ಧಭಾಗವನ್ನು ಸ್ಥಳೀಯ ಮುಖಂಡರೊಬ್ಬರ ಹುಟ್ಟುಹಬ್ಬದ ಶುಭಾಶಯವೂ, ಅವರ ಸುತ್ತ ಅಂಚೆಚೀಟಿಯ ಗಾತ್ರದಲ್ಲಿ ಅಚ್ಚಾದ ಅಭಿಮಾನಿಗಳ ಭಾವಚಿತ್ರಗಳೂ ಆಕ್ರಮಿಸಿರುತ್ತವೆ. ಒಳಪುಟದಲ್ಲಿ ಇಲಾಖೆಗಳ ಪ್ರಕಟಣೆಗಳು. ಅವನ್ನು ಪ್ರಕಟಿಸುವ ಸಂಪಾದಕರನ್ನು ನಾನು ನಿಂದಿಸುವುದಿಲ್ಲ. ಅವರಿಗೂ ಮುದ್ರಣಾಲಯದ ಬಿಲ್ಲು ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು. ಆದರೆ ಆ ಮುಖಂಡರು ಗುತ್ತಿಗೆ ಕೊಡಿಸಿದ ರಸ್ತೆ ಒಂದೇ ಮಳೆಗಾಲದಲ್ಲಿ ಕಿತ್ತುಹೋದಾಗ ಅದನ್ನು ಬರೆಯುವ ಕೈ ತಡೆಯುತ್ತದೆ. ಬರೆದರೆ ಮುಂದಿನ ಶುಭಾಶಯ ಬಾರದು. ಚುನಾವಣಾ ಕಾಲದಲ್ಲಿ ಹಣ ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರವನ್ನು ಪ್ರಕಟಿಸುವ ಅನಾಚಾರವನ್ನು ಭಾರತೀಯ ಪತ್ರಿಕಾ ಮಂಡಳಿಯೇ 2009-10ರಲ್ಲಿ ವಿಚಾರಣೆ ಮಾಡಿಸಬೇಕಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಲೇಖಕ ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆಯು ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗನು ಕೊಟ್ಟ ಬೆಲೆಯಿಂದಲೇ ನಡೆದು ಅಧಿಕಾರಸ್ಥರ ನಿದ್ದೆಗೆಡಿಸಿದುದನ್ನು ಕನ್ನಡಿಗರು ಕಣ್ಣಾರೆ ಕಂಡವರು. ಅಂದಿನ ಆ ಪತ್ರಿಕೆಗೆ ಕಾಗದದ ಮತ್ತು ಅಚ್ಚಿನ ಭಾರವಿದ್ದಿತು. ಇಂದಿನ ಸುದ್ದಿಪತ್ರಕ್ಕೆ ಆ ಭಾರವೂ ಇಲ್ಲ.

ಹಣ ಕೊಟ್ಟ ಓದುಗನಿಗೆ ಏನನ್ನು ಕೊಡಬೇಕು? ಈ ಪ್ರಶ್ನೆಯಲ್ಲಿಯೇ ಹೆಚ್ಚಿನ ಪ್ರಯತ್ನಗಳು ಸೋಲುತ್ತವೆ. ಆರಂಭಿಸಿದವರು ಉತ್ಸಾಹದಿಂದ ರಾಜ್ಯದ ರಾಜಕೀಯ, ಚಲನಚಿತ್ರ, ಕ್ರಿಕೆಟ್ಟು, ರಾಶಿಫಲ ಎಲ್ಲವನ್ನೂ ತುಂಬಲು ಹೋಗಿ, ಬೇರೆಡೆ ಉಚಿತವಾಗಿ ಸಿಕ್ಕುವುದನ್ನೇ ಬೆಲೆಗೆ ಮಾರಲು ಯತ್ನಿಸಿದಂತಾಗುತ್ತದೆ. ಬೇರೆ ಯಾರೂ ಕೊಡಲಾರದುದನ್ನು ಮಾತ್ರ ಸುದ್ದಿಪತ್ರ ಕೊಡತಕ್ಕದ್ದು. ಒಂದು ಉದಾಹರಣೆಯನ್ನು ನೋಡೋಣ. ನಗರಸಭೆಯ ಸಾಮಾನ್ಯ ಸಭೆಗೆ ಮುಂಚೆ ಸದಸ್ಯರಿಗೆ ಒಂದು ವಿಷಯಪಟ್ಟಿಯನ್ನು ಹಂಚುತ್ತಾರೆ. ಅದನ್ನು ಅಕ್ಷರ ಬಿಡದೆ ಓದುವವನಿಗೆ ನಡುವೆ ಎಲ್ಲೋ ‘ಘಟನೋತ್ತರ ಮಂಜೂರಾತಿ’ ಎಂಬ ಒಕ್ಕಣೆಯ ವಿಷಯಗಳು ಕಾಣಸಿಗುತ್ತವೆ. ಎಂದರೆ ಕೆಲಸ ಮುಗಿದಿದೆ, ಹಣ ಖರ್ಚಾಗಿದೆ ಅಥವಾ ಆಗುವುದರಲ್ಲಿದೆ, ಇನ್ನು ಸಭೆಯ ಒಪ್ಪಿಗೆ ಮಾತ್ರ ಬಾಕಿ. ಬೇಸಿಗೆಯಲ್ಲಿ ತುರ್ತಾಗಿ ಕೊಳವೆಬಾವಿಯ ಮೋಟಾರ್ ದುರಸ್ತಿ ಮಾಡಿಸಿದುದು, ಟ್ಯಾಂಕರಿನಲ್ಲಿ ನೀರು ಪೂರೈಸಿದುದು, ಚರಂಡಿಯ ಹೂಳೆತ್ತಿಸಿದುದು ಇವೆಲ್ಲ ಆ ಶೀರ್ಷಿಕೆಯಲ್ಲಿ ಬರುತ್ತವೆ. ಬಹಳಷ್ಟು ನ್ಯಾಯವಾದ ಖರ್ಚೇ ಇರಬಹುದು. ಆದರೆ ಒಂದು ವರ್ಷದ ಎಲ್ಲ ಸಭೆಗಳ ನಡಾವಳಿಗಳನ್ನು ಒಟ್ಟಿಗೆ ಇಟ್ಟುಕೊಂಡು, ಯಾವ ಕೊಳವೆಬಾವಿಯ ಮೋಟಾರು ಎಷ್ಟು ಸಲ ದುರಸ್ತಿಯಾಯಿತು, ಪ್ರತಿ ಸಲವೂ ಬಿಲ್ಲು ಯಾರ ಹೆಸರಿನಲ್ಲಿ ಆಯಿತು ಎಂದು ಒಂದು ಕೋಷ್ಟಕವನ್ನು ಬರೆದರೆ, ಅದಕ್ಕೆ ಅಲಂಕಾರದ ಒಂದು ಮಾತೂ ಬೇಡ. ಆ ಬೀದಿಯವರು ತಾವೇ ಓದಿ ತಮ್ಮ ವಾರ್ಡಿನ ಸದಸ್ಯರನ್ನು ಕೇಳುವರು. ನಡಾವಳಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. 10 ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯಲ್ಲಿ ಲೆಕ್ಕದ ಪುಸ್ತಕಗಳೇ ಜನರ ಮುಂದೆ ಬರುತ್ತವೆ. ಅಲ್ಲಿಗೆ ಹೋಗಿ ಕುಳಿತುಕೊಳ್ಳುವ ವರದಿಗಾರರು ಎಷ್ಟು ಮಂದಿ?

ಊರಿನ ಪತ್ರವೆಂದರೆ ಬರಿಯ ದೋಷಾನ್ವೇಷಣೆಯೂ ಆಗಬಾರದು. ಯಾವ ದಿನ ಯಾವ ಬಡಾವಣೆಗೆ ನೀರು ಬರುವುದು, ತಾಲ್ಲೂಕು ಆಸ್ಪತ್ರೆಗೆ ಬಂದ ಹೊಸ ಮಕ್ಕಳ ವೈದ್ಯರು ಯಾವ ದಿನಗಳಲ್ಲಿ ಸಿಗುವರು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಧಾರಣೆ ಎಷ್ಟು, ಸರ್ಕಾರಿ ಶಾಲೆಯೊಂದು ತನ್ನ ಮಕ್ಕಳ ಸಂಖ್ಯೆಯನ್ನು ಹೇಗೆ ಹೆಚ್ಚಿಸಿಕೊಂಡಿತು, ಮೊನ್ನೆ ತೀರಿಕೊಂಡ ಹಳೆಯ ಮೇಷ್ಟರ ಬಳಿ ಓದಿದವರು ಯಾರು ಯಾರು ಏನಾದರು ಎಂಬ ಸಂಗತಿಗಳು ಊರನ್ನು ಊರಾಗಿ ಉಳಿಸುವಂಥವು. ವಿಶೇಷವಾಗಿ ನಿಧನವಾರ್ತೆಯನ್ನು ಶ್ರದ್ಧೆಯಿಂದ ಬರೆಯುವ ಪತ್ರವನ್ನು ಊರು ಎಂದಿಗೂ ಕೈಬಿಡದು. ಮಾತು ಸ್ವಲ್ಪ ಅಡ್ಡದಾರಿಗೆ ಹೋದರೂ ಇದನ್ನು ಹೇಳಲೇಬೇಕು: ಸಾಮಾನ್ಯ ಮನುಷ್ಯನೊಬ್ಬನ ಜೀವನವನ್ನು ನಾಲ್ಕು ಸಾಲಿನ ಭಾವಪೂರ್ಣ ಶ್ರದ್ಧಾಂಜಲಿಯಲ್ಲಿ ಮುಗಿಸದೆ, ಅವನು ಮಾಡಿದ ಕೆಲಸವನ್ನು ವಿಚಾರಿಸಿ ತಿಳಿದು ನಾಲ್ಕು ಪ್ಯಾರಾ ಬರೆದರೆ, ಪತ್ರಿಕಾ ಧರ್ಮದಲ್ಲಿ ಅದಕ್ಕಿಂತ ಹೆಚ್ಚಿನ ಸೇವೆ ಅಪರೂಪ.

ಇನ್ನು ಚಂದಾದಾರರ ದಫ್ತರಿನ ಮಾತು. ಓದುಗನ ಹೆಸರು, ವಿಳಾಸ, ಅವನು ಸೇರಿದ ದಿನ, ಚಂದಾ ಮುಗಿಯುವ ದಿನ ಇವು ಪತ್ರದ ಸ್ವಂತ ಸ್ವತ್ತಾಗಿ ಇರಬೇಕು; ಪರರ ಮನೆಯಲ್ಲಿ ಇರಕೂಡದು. ಫೇಸ್‌ಬುಕ್ಕಿನ ಪುಟಕ್ಕೆ ಐವತ್ತು ಸಾವಿರ ಅನುಯಾಯಿಗಳಿದ್ದಾರೆಂದು ಹಿಗ್ಗುವ ಸಂಪಾದಕನು, ಅವರಲ್ಲಿ ಒಬ್ಬನಿಗಾದರೂ ತನ್ನ ಇಚ್ಛೆಯಿಂದ ಪತ್ರ ತಲುಪಿಸಬಲ್ಲೆನೇ ಎಂದು ಕೇಳಿಕೊಳ್ಳಬೇಕು. ಕೆನಡಾ ದೇಶದಲ್ಲಿ, ಸುದ್ದಿಸಂಸ್ಥೆಗಳಿಗೆ ಹಣ ಕೊಡಬೇಕೆಂಬ ಕಾನೂನು ಬಂದಾಗ, ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿಯವರು 2023ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಓದುಗರಿಗೆ ಸುದ್ದಿಯನ್ನೇ ನಿಲ್ಲಿಸಿಬಿಟ್ಟರು. ಅದೇ ತಿಂಗಳು ಉತ್ತರದ ಕಾಡುಗಳಿಗೆ ಬೆಂಕಿ ಹತ್ತಿ ಯೆಲ್ಲೋನೈಫ್ ಪಟ್ಟಣದ ಜನರೆಲ್ಲ ಊರು ಬಿಟ್ಟು ಹೊರಡಬೇಕಾಯಿತು. ಯಾವ ರಸ್ತೆ ತೆರೆದಿದೆ, ಎಲ್ಲಿಗೆ ಹೋಗಬೇಕೆಂಬ ವಾರ್ತೆಯನ್ನು ಬರೆದ ಪತ್ರಿಕೆಗಳಿದ್ದವು, ಆದರೆ ಜನ ಅದನ್ನು ತಾವು ನಿತ್ಯ ನೋಡುತ್ತಿದ್ದ ಫೇಸ್‌ಬುಕ್ಕಿನಲ್ಲಿ ಹಂಚಿಕೊಳ್ಳಲಾರದೆ ಹೋದರು. ವಾಟ್ಸ್ಆ್ಯಪಿನ ಪ್ರಸಾರಪಟ್ಟಿಗೆ 256 ಮಂದಿಯ ಮಿತಿಯಿದೆ. ಒಟ್ಟೊಟ್ಟಿಗೆ ಸಂದೇಶ ಕಳುಹಿಸುವ ಸಂಸ್ಥೆಗಳ ಮೇಲೆ ಆ ಕಂಪನಿ 2019ರ ಕೊನೆಯಿಂದ ನಿರ್ಬಂಧ ಬಿಗಿ ಮಾಡಿದಾಗ, ಅದನ್ನೇ ನಂಬಿದ್ದ ಯುರೋಪಿನ ಸುದ್ದಿಪತ್ರಗಳು ಓದುಗರನ್ನು ಕಳೆದುಕೊಂಡವು. ನಮ್ಮ ಜನ ವಾಟ್ಸ್ಆ್ಯಪನ್ನೇ ನೋಡುವರೆಂಬುದು ನಿಜ. ಆದುದರಿಂದ ಸೂಚನೆಯನ್ನು ಅಲ್ಲಿ ಕಳುಹಿಸಲಿ, ಆದರೆ ದಫ್ತರನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿ. ಆ ದಫ್ತರನ್ನು ಯಾವ ರಾಜಕೀಯ ಪಕ್ಷಕ್ಕೂ ಯಾವ ವ್ಯಾಪಾರಿಗೂ ತೋರಿಸಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಬೆಳವಣಿಗೆಯನ್ನು ಅಳೆಯುವ ಕ್ರಮವೂ ಇದರಿಂದಲೇ ನಿರ್ಣಯವಾಗುತ್ತದೆ. ಹೊಸದಾಗಿ ಎಷ್ಟು ಮಂದಿ ಸೇರಿದರೆಂಬುದನ್ನು ಎಲ್ಲರೂ ಎಣಿಸುತ್ತಾರೆ. ಎಷ್ಟು ಮಂದಿ ಉಳಿದರೆಂಬುದನ್ನು ಎಣಿಸುವವರು ವಿರಳ. ತಿಂಗಳಿಗೆ ನೂರಕ್ಕೆ ಐವರು ಬಿಟ್ಟುಹೋಗುತ್ತಿದ್ದರೆ, ಇಂದಿನ ಸಾವಿರ ಚಂದಾದಾರರಲ್ಲಿ ವರ್ಷಾಂತ್ಯಕ್ಕೆ 540 ಮಂದಿ ಮಾತ್ರ ಇರುತ್ತಾರೆ. ನೂರಕ್ಕೆ ಇಬ್ಬರು ಬಿಟ್ಟರೆ 785 ಮಂದಿ ಉಳಿಯುತ್ತಾರೆ. ಮೊದಲನೆಯ ಪತ್ರದವನು ವರ್ಷವಿಡೀ ಹೊಸಬರನ್ನು ಅರಸುತ್ತ ಓಡಾಡಬೇಕು. ಎರಡನೆಯವನಿಗೆ ಬರೆಯುವುದಕ್ಕೆ ಬಿಡುವಿರುತ್ತದೆ. ಬಿಟ್ಟುಹೋದವರಿಗೆ ಕಾರಣ ಕೇಳಿ ಬರೆಯುವ ಒಂದು ಕಾಗದ, ಸಂಪಾದಕನೇ ತನ್ನ ಹೆಸರಿನಲ್ಲಿ ಬರೆದುದು, ಯಾವ ಪ್ರಚಾರಕ್ಕಿಂತಲೂ ಹೆಚ್ಚು ಕಲಿಸುತ್ತದೆ. ಹೊಸ ಓದುಗನು ಬರುವುದು ಸಾಮಾನ್ಯವಾಗಿ ಹಳೆಯ ಓದುಗನ ಶಿಫಾರಸಿನಿಂದ. ಆದುದರಿಂದ ಒಂದು ಪುಟಕ್ಕೆ ಸಂಕ್ಷೇಪಿಸಿದ ಪ್ರತಿಯನ್ನು ಅಚ್ಚು ಮಾಡಿಸಿ, ಹೋಟೆಲಿನ ಗೋಡೆಗೆ, ಕ್ಷೌರದ ಅಂಗಡಿಗೆ, ನಾಡಿನಲ್ಲಿ ಐದು ಸಾವಿರಕ್ಕೂ ಮಿಗಿಲಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ತನ್ನ ಸೀಮೆಗೆ ಸೇರಿದವಕ್ಕೆ ಕೊಡುವುದು ಒಳ್ಳೆಯದು. ಊರು ಬಿಟ್ಟು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ನೆಲೆಸಿದವರೂ ಉತ್ತಮ ಚಂದಾದಾರರು. ಅವರ ತಂದೆತಾಯಿಗಳು ಊರಿನಲ್ಲಿಯೇ ಇದ್ದಾರೆ, ಜಮೀನು ಇದೆ, ಮನಸ್ಸು ಇದೆ. ಆದರೆ ಅವರ ಹಂಬಲವನ್ನು ತಣಿಸಲೆಂದು ಪತ್ರವನ್ನು ಹಳೆಯ ಕಾಲದ ಸವಿನೆನಪುಗಳ ಸಂಗ್ರಹವನ್ನಾಗಿ ಮಾಡಬಾರದು. ಇಂದು ಊರಿನಲ್ಲಿ ಬಾಳುವವನೇ ಮುಖ್ಯ ಓದುಗ.

ಹಣ ಕೊಟ್ಟವನಿಗೆ ಮಾತ್ರ ಓದಲು ಸಿಗಬೇಕೇ ಎಂಬಲ್ಲಿ ನಾನು ಮ್ಯಾಂಚೆಸ್ಟರಿನವರಿಂದ ಭಿನ್ನ ಅಭಿಪ್ರಾಯದವನು. ಅಲ್ಲಿಯ ಪದ್ಧತಿಯಲ್ಲಿ ದೀರ್ಘವಾದ ಒಳ್ಳೆಯ ಬರಹಗಳು ಅನೇಕ ವೇಳೆ ಚಂದಾದಾರರಿಗೆ ಮೀಸಲು. ನಮ್ಮ ಪಟ್ಟಣಗಳಲ್ಲಿ ಕಲುಷಿತ ನೀರಿನ ವರದಿಯನ್ನು 60 ರೂಪಾಯಿಯ ಬಾಗಿಲಿನ ಹಿಂದಿಟ್ಟರೆ, ಆ ನೀರನ್ನು ಕುಡಿಯುವ ಕೂಲಿಕಾರನಿಗೆ ಅದು ತಲುಪದು. ಸಾರ್ವಜನಿಕ ಹಿತಕ್ಕೆ ಅತ್ಯಗತ್ಯವಾದುದೆಲ್ಲ ಎಲ್ಲರಿಗೂ ಉಚಿತವಾಗಿಯೇ ಇರಲಿ. ಚಂದಾದಾರನಿಗೆ ವಾರದ ವಿಶೇಷ ಬರಹ, ಸಂಪಾದಕನೊಡನೆ ಪ್ರಶ್ನೋತ್ತರ, ವರ್ಷಕ್ಕೊಮ್ಮೆ ಖರ್ಚುವೆಚ್ಚದ ಬಹಿರಂಗ ಲೆಕ್ಕ, ಇಷ್ಟು ಸಲ್ಲಲಿ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ‘ಸಿಟಿಜನ್ ಮ್ಯಾಟರ್ಸ್’ ಪತ್ರಿಕೆಯು ನಗರದ ಕೆರೆ, ಕಸ, ನೀರು, ವಾರ್ಡ್ ಸಮಿತಿಗಳ ವಿಷಯವನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತದೆ. ಲಾಭೋದ್ದೇಶವಿಲ್ಲದ ಪ್ರತಿಷ್ಠಾನದ ಆಸರೆಯಲ್ಲಿ ಅದು ನಿಂತಿದೆ. ಅಂತಹ ಪ್ರತಿಷ್ಠಾನ ಎಲ್ಲ ಊರಿಗೂ ದೊರೆಯದು, ಚಂದಾ ಎಲ್ಲ ಊರಿಗೂ ದೊರೆಯಬಲ್ಲುದು.

ಅಪಾಯಗಳನ್ನು ಮರೆಮಾಚುವುದು ಸರಿಯಲ್ಲ. ದೊಡ್ಡ ಪತ್ರಿಕೆಯ ವರದಿಗಾರನಿಗೆ ಹಿಂದೆ ಒಂದು ಸಂಸ್ಥೆ ಇರುತ್ತದೆ. ಊರಿನ ಸುದ್ದಿಪತ್ರದವನು ತಾನು ಬರೆದವನ ಮನೆಯ ಮುಂದೆಯೇ ದಿನವೂ ಹಾದುಹೋಗಬೇಕು. ಮಾನಹಾನಿಯು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಮೇರೆಗೆ ಇಂದಿಗೂ ಅಪರಾಧವಾಗಿಯೇ ಇದೆ. ಮೊಕದ್ದಮೆಯ ತೀರ್ಪು ಏನೇ ಆಗಲಿ, ತಾರೀಕಿಗೆ ತಾರೀಕು ಅಲೆಯುವುದೇ ಶಿಕ್ಷೆಯಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳಿಗೆ ಕಡಿವಾಣ ಹಾಕುವ 1908ರ ವೃತ್ತಪತ್ರಿಕಾ ಶಾಸನ ಬಂದಾಗ ಸಂಪಾದಕರು ಎದುರಿಸಿದ ಕಷ್ಟ ಒಂದು ಬಗೆಯದು. ಇಂದಿನದು ಇನ್ನೊಂದು ಬಗೆಯದು. ಇದಕ್ಕೆ ರಕ್ಷೆ ಮೂರು: ಪ್ರಕಟಿಸುವ ಪ್ರತಿಯೊಂದು ವಾಕ್ಯಕ್ಕೂ ಕಡತದ ಆಧಾರವಿರುವುದು, ಆರೋಪಕ್ಕೆ ಗುರಿಯಾದವನ ಉತ್ತರವನ್ನು ಕೇಳಿ ಅದನ್ನೂ ಅಷ್ಟೇ ಪ್ರಾಮುಖ್ಯದಿಂದ ಪ್ರಕಟಿಸುವುದು; ಮತ್ತು ಕಷ್ಟಕಾಲದಲ್ಲಿ ಇದು ನಮ್ಮ ಪತ್ರವೆಂದು ಎದ್ದು ನಿಲ್ಲುವ ಸಾವಿರ ಚಂದಾದಾರರು. ನೆರೆಯ ನಾಲ್ಕಾರು ತಾಲ್ಲೂಕುಗಳ ಸುದ್ದಿಪತ್ರಗಳು ಕೂಡಿ ಒಬ್ಬ ವಕೀಲರನ್ನು ಗೊತ್ತುಮಾಡಿಕೊಂಡರೆ ವೆಚ್ಚವೂ ಹಂಚಿಹೋಗುತ್ತದೆ. ವಕೀಲರ ಸಂಘಗಳಲ್ಲಿ ಪತ್ರಿಕಾ ಸ್ವಾತಂತ್ರ್ಯದಲ್ಲಿ ಆಸ್ಥೆಯುಳ್ಳ ಹಿರಿಯರು ಇದ್ದೇ ಇರುತ್ತಾರೆ. ಅವರನ್ನು ಮೊದಲೇ ಕಂಡಿರುವುದು ವಿವೇಕ.

ಪತ್ರಿಕೋದ್ಯಮದ ಪದವಿ ಪಡೆದು ಬೆಂಗಳೂರಿನ ವಾಹಿನಿಗಳ ಬಾಗಿಲಲ್ಲಿ ಅಲ್ಪ ಸಂಬಳಕ್ಕೆ ಕಾದಿರುವ ತರುಣ ತರುಣಿಯರು ತಮ್ಮ ಊರಿನ ಹೆಸರಿನಲ್ಲಿ ಒಂದು ಪತ್ರವನ್ನು ಆರಂಭಿಸುವ ಯೋಚನೆ ಮಾಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಮೊದಲ ವರ್ಷ ವಾರಕ್ಕೊಂದೇ ಸಂಚಿಕೆ ಸಾಕು. ನೀರು, ಶಾಲೆ, ಆಸ್ಪತ್ರೆ, ನಗರಸಭೆ ಈ ನಾಲ್ಕನ್ನು ಬಿಡದೆ ಹಿಡಿದರೆ ಸಾಕು. ಓದುಗ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಊರಿನಲ್ಲಿ ಅಂತಹ ಪತ್ರವೊಂದು ಈಗಾಗಲೇ ಇದ್ದರೆ ಅದರ ಒಂದು ವರ್ಷದ ಚಂದಾವನ್ನು ಈ ವಾರದೊಳಗೆ ಕಳುಹಿಸಿರಿ. ಯಾರಾದರೂ ಆರಂಭಿಸುವುದಾಗಿ ಹೇಳಿದರೆ ನಾಳೆ ನೋಡೋಣವೆನ್ನದೆ ಮೊದಲ ನೂರು ಹೆಸರುಗಳಲ್ಲಿ ನಿಮ್ಮದನ್ನು ಬರೆಸಿರಿ. ನೆರೆಮನೆಯವರ ಹೆಸರನ್ನೂ ಕೇಳಿ ಬರೆಸಿರಿ.